ಬಾವಿಕಟ್ಟೆಯ ಪಕ್ಕ ನಿಂತವನು

ನನ್ನ ಅಂಗಡಿಯ ಮೂಲೆಯ ಕಬ್ಬಿಣದ ಬೀರುವಿನೊಳಗೆ ವರ್ಷವಿಡೀ ಒಂದು ಸಣ್ಣ ಬಲ್ಬು ಉರಿಯುತ್ತಿರುತ್ತದೆ. ಆಲೂರಿನ ತಾಲ್ಲೂಕು ಕಚೇರಿಗೆ ಬಂದವರು ಜೆರಾಕ್ಸಿಗೆ, ಅರ್ಜಿ ಟೈಪು ಮಾಡಿಸುವುದಕ್ಕೆ ನನ್ನಲ್ಲಿಗೆ ಬರುತ್ತಾರೆ. ಬೀರುವಿನ ಸಂದಿಯಿಂದ ಬರುವ ಹಳದಿ ಬೆಳಕು ನೋಡಿ, "ಒಳಗೆ ದೇವ್ರು ಮಡಗಿದ್ದೀರಾ ಮೇಡಂ?" ಎಂದು ಕೇಳುವುದುಂಟು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಇಲ್ಲ, ಕೋಳಿಮರಿ ಮಾಡಿಸ್ತಾವ್ಳೆ" ಎನ್ನುತ್ತಾರೆ.

ಒಳಗಿರುವುದು ಹಳೆಯ ಟಿವಿ ಗೇಮುಗಳ ಕ್ಯಾಸೆಟ್ಟುಗಳು. ನಾವು ಚಿಕ್ಕವರಿದ್ದಾಗ ಟಿವಿಗೆ ವೈರು ಸಿಕ್ಕಿಸಿ, ಸೆಟ್ಟಿನ ನೆತ್ತಿಗೆ ಒಂದು ದಪ್ಪ ಕ್ಯಾಸೆಟ್ಟು ತುರುಕಿ ಆಡುತ್ತಿದ್ದೆವಲ್ಲ, ಅವೇ. ಈ ಕಡೆಯ ತೇವಕ್ಕೆ ಏನಿಟ್ಟರೂ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಬಲ್ಬು. ಒಂದು ಕಾಲದಲ್ಲಿ ಇವನ್ನು ಜನ ಗುಜರಿಯವನಿಗೆ ಕೊಟ್ಟು ಬೆಳ್ಳುಳ್ಳಿ ತೆಗೆದುಕೊಳ್ಳುತ್ತಿದ್ದರು. ಈಗ ನಮ್ಮ ವಯಸ್ಸಿನವರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುವುದರಿಂದ ಎಲ್ಲರಿಗೂ ತಮ್ಮ ಬಾಲ್ಯ ವಾಪಸ್ಸು ಬೇಕಾಗಿದೆ. ಫೋನಿನಲ್ಲಿ ನಮ್ಮದೊಂದು ಗುಂಪಿದೆ. ಲೇಬಲ್ಲು ಹರಿದಿದೆಯೇ, ಹಿಂದಿನ ಸ್ಕ್ರೂ ಯಾರಾದರೂ ಬಿಚ್ಚಿದ್ದಾರೆಯೇ ಎಂದು ಹೆಣ್ಣು ನೋಡುವವರಿಗಿಂತ ಹೆಚ್ಚು ವಿಚಾರಿಸುತ್ತಾರೆ. ನಾನೂ ಅವರಲ್ಲೊಬ್ಬಳು. ಬಾಳ್ಳುಪೇಟೆಯ ಗುಜರಿ ಅಂಗಡಿಯಲ್ಲಿ ತಗಡಿನ ರಾಶಿಯ ಮೇಲೆ ಕೂತು ಅರ್ಧ ದಿನ ಕಳೆದವಳು.

ಆದರೆ ನಾನು ಆಸೆಪಟ್ಟ ಕ್ಯಾಸೆಟ್ಟು ಗುಜರಿಯಲ್ಲಿರಲಿಲ್ಲ. ಅದು ಪಾಳ್ಯದ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯಲ್ಲಿತ್ತು.

ದೊಡ್ಡಪ್ಪ ಸಕಲೇಶಪುರದ ಮೇಲಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅಲ್ಲಿಯ ಧಣಿಗಳ ಮಕ್ಕಳು ಆಡಿ ಬೇಜಾರಾಗಿ ಬಿಟ್ಟ ಸೆಟ್ಟೊಂದು, ಹೊರದೇಶದಿಂದ ಬಂದ ಒಂದೇ ಒಂದು ಕ್ಯಾಸೆಟ್ಟಿನ ಜೊತೆ, ಅವರ ಕಿರಿಮಗನ ಕೈಗೆ ಬಂತು. ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ನನಗಾಗ ಹತ್ತು ವರ್ಷ, ಅವನಿಗೆ ಹದಿನೇಳು. ರಜೆಯಲ್ಲಿ ಅಲ್ಲಿಗೆ ಹೋದರೆ ಅವನು ನನ್ನನ್ನು ಮುಂದೆ ಕೂರಿಸಿ, ಆಟದ ವೈರಿನ ರಿಮೋಟು ಕೈಗೆ ಕೊಟ್ಟು, ಬೆನ್ನ ಹಿಂದೆ ಕೂತು, "ಬಲಕ್ಕೆ ಕಣೇ, ಬಲಕ್ಕೆ" ಎಂದು ಕೂಗುತ್ತಿದ್ದ.

ಆಟ ಬಲು ಸರಳ. ಲಾಟೀನು ಹಿಡಿದ ಒಬ್ಬ ಪುಟ್ಟ ಮನುಷ್ಯ ಗುಹೆಗಳಲ್ಲಿ ಅಲೆಯುತ್ತಾನೆ, ಮತ್ತೆ ತನ್ನ ಊರಿಗೆ ಬರುತ್ತಾನೆ. ಊರಲ್ಲಿ ಒಂದು ಬಾವಿ, ಎಡಕ್ಕೆ ಏಳು ಹೆಜ್ಜೆ ನಡೆದು ಬಾಗಿಲಿಗೆ ಒಂದು ಹೆಜ್ಜೆ ಮೇಲಕ್ಕೆ ಹೋದರೆ ಅವನ ಮನೆ. ಬಾವಿಕಟ್ಟೆಯ ಪಕ್ಕ ನಿಂತಾಗ ಮಾತ್ರ ಆಟ ಸೇವ್ ಆಗುತ್ತಿತ್ತು. ಮನೆಯೊಳಗೆ ಹೋದರೆ ಹೊರಗಿನ ಚುರುಕು ಸಂಗೀತ ನಿಂತು ಒಂದು ನಿಧಾನದ ರಾಗ ಶುರುವಾಗುತ್ತಿತ್ತು. ಅಲ್ಲಿ ಒಲೆಯ ಮುಂದೆ ಬೆರಳುದ್ದದ ಒಬ್ಬ ಹೆಂಗಸು ನಿಂತಿರುತ್ತಿದ್ದಳು. ಅಕ್ಷರವೆಲ್ಲ ಯಾವುದೋ ದೇಶದ್ದು, ನಮಗೊಂದೂ ತಿಳಿಯುತ್ತಿರಲಿಲ್ಲ. ಅಣ್ಣ ಅಡುಗೆಮನೆಯಿಂದ ದೊಡ್ಡಮ್ಮನನ್ನು ಎಳೆದುಕೊಂಡು ಬಂದು, "ನೋಡವ್ವ, ಇದು ನೀನೇ" ಎಂದು ತೋರಿಸಿದ್ದು ನೆನಪಿದೆ.

ಹತ್ತೊಂಬತ್ತನೆಯ ವರ್ಷ ಅವನಿಗೆ ಕಾಮಾಲೆಯಾಯಿತು. ಹದಿನೈದು ದಿನದಲ್ಲಿ ಹೋಗಿಬಿಟ್ಟ.

ಪಿತೃಪಕ್ಷದಲ್ಲಿ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರು ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಎಲೆಯ ಮೇಲೆ, ಎಲೆಯ ಪಕ್ಕ ಇಟ್ಟು, ದೀಪ ಹಚ್ಚಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರುತ್ತಾರೆ. ಅವರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಯಾರೂ ಉಣ್ಣುವಂತಿಲ್ಲ. ಆಮೇಲೆ ಮನೆಯ ಹಿರಿಯರು ಬಾಗಿಲು ಬಡಿದು, ಸದ್ದು ಮಾಡಿಯೇ ತೆಗೆಯಬೇಕು. ಅಜ್ಜನಿಗೆ ಬೀಡಿ ಕಟ್ಟು, ದೊಡ್ಡಪ್ಪನಿಗೆ ನಶ್ಯದ ಡಬ್ಬಿ. ಅಣ್ಣನಿಗೆ ಬೆಳ್ಳುಳ್ಳಿ ಹಾಕಿದ ಖಾರದ ಪುರಿ, ಜೊತೆಗೆ ಆ ಆಟ. ಹಳೇ ಡಬ್ಬಾ ಟಿವಿಗೆ ಸೆಟ್ಟು ಸಿಕ್ಕಿಸಿ, ಅವನು ಕೊನೆಯ ಸಲ ಬಿಟ್ಟಿದ್ದ ಜಾಗದಿಂದಲೇ ಆಟ ತೆರೆದಿಟ್ಟು ದೊಡ್ಡಮ್ಮ ಬಾಗಿಲು ಹಾಕುತ್ತಿದ್ದರು. ಯಾವ ಗುಂಡಿ ಒತ್ತಬೇಕೆಂಬುದಷ್ಟೇ ಅವರಿಗೆ ಗೊತ್ತಿತ್ತು.

ಇದನ್ನು ನಾನು ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಮದುವೆಯಾದ ಮೇಲೆ ಆ ಹಬ್ಬಕ್ಕೆ ಅತ್ತೆಮನೆಯಲ್ಲಿ ವಡೆ ಕರಿಯುವುದೇ ನನ್ನ ಪಾಡು.

ಹೋದ ವರ್ಷ ಮಂಗಳೂರು ಕಡೆಯ ಒಬ್ಬರು ನಮ್ಮ ಗುಂಪಿನಲ್ಲಿ ಅದೇ ಕ್ಯಾಸೆಟ್ಟಿನ ಚಿತ್ರ ಹಾಕಿ, ಯಾರಲ್ಲಾದರೂ ಇದೆಯೇ ಎಂದು ಕೇಳಿದರು. ಅವರು ಹೇಳಿದ ಬೆಲೆಗೆ ಒಂದು ಹಳೆಯ ಸ್ಕೂಟರು ಬರುತ್ತಿತ್ತು. ಬರೀ ದುಡ್ಡಿನಾಸೆ ಎಂದರೆ ಸುಳ್ಳಾಗುತ್ತದೆ. ಅಂಥದ್ದು ನನ್ನ ಕೈಯಿಂದ ದಾಟಿತು ಎಂದು ಆ ಗುಂಪಿನಲ್ಲಿ ಹೇಳಿಕೊಳ್ಳುವ ಜಂಬ ದುಡ್ಡಿಗಿಂತ ದೊಡ್ಡದಿತ್ತು.

ದೊಡ್ಡಮ್ಮ ಕೊಡುವುದಿಲ್ಲ ಎಂದು ಗೊತ್ತಿತ್ತು. ಆದ್ದರಿಂದ ನಾನು ಕೇಳಲೇ ಇಲ್ಲ. ಆಷಾಢದಲ್ಲಿ ಹೋಗಿ, "ಬೂಷ್ಟು ಹಿಡಿದಿದೆ ದೊಡ್ಡಮ್ಮ, ಒಂದು ಸಲ ಸರ್ವೀಸ್ ಮಾಡಿಕೊಡ್ತೀನಿ" ಎಂದೆ. ಅವರು ಸೆಟ್ಟು, ರಿಮೋಟು, ಕ್ಯಾಸೆಟ್ಟು ಎಲ್ಲವನ್ನೂ ಟವೆಲಿನಲ್ಲಿ ಸುತ್ತಿ ನನ್ನ ಕೈಗಿಡುತ್ತಾ, "ಹಬ್ಬದ ಹೊತ್ಗೆ ತಂದ್ಬುಡು ಕಣವ್ವ. ಅವ್ನು ಬಂದಾಗ ಇಲ್ದೆ ಇದ್ರೆ ನಾನೇನೇಳ್ಲಿ?" ಎಂದರು.

ಈಗ ಅಂಥ ಕ್ಯಾಸೆಟ್ಟುಗಳ ಡೂಪ್ಲಿಕೇಟು ಬರುತ್ತದೆ, ಲೇಬಲ್ಲಿನ ಸಮೇತ. ಒಂದನ್ನು ತರಿಸಿದೆ. ಅದರಲ್ಲಿ ಆಟವಿತ್ತು, ಅಣ್ಣ ಆಡಿದ್ದು ಇರಲಿಲ್ಲ. ಹಾಗಾಗಿ ನಾನೇ ಕೂತು ಮೊದಲಿನಿಂದ ಆಡಿದೆ. ಅಂಗಡಿಯಲ್ಲಿ ಮಧ್ಯಾಹ್ನ ಜನ ಕಡಿಮೆಯಾದಾಗ ಷಟರು ಅರ್ಧ ಎಳೆದು, ಅವನು ತಲುಪಿದ್ದಲ್ಲಿಗೇ ತಲುಪಲು ವಾರಗಟ್ಟಲೆ ಹೆಣಗಿದೆ. ಅವನ ಕ್ಯಾಸೆಟ್ಟು ಹಾಕಿ ನೋಡಿದೆ, ಹೆಸರಿನ ಜಾಗದಲ್ಲಿ ಅಣ್ಣ ಗುರುತಿಲ್ಲದ ಮೂರು ಅಕ್ಷರ ಒತ್ತಿದ್ದ, ನಾನೂ ಅವನ್ನೇ ಒತ್ತಿದೆ. ಅವನ ಚೀಲದಲ್ಲಿ ಮಾರದೆ ಇಟ್ಟುಕೊಂಡ ಮೂರು ಮೀನಿದ್ದವು, ನಾನೂ ಮೂರು ಮೀನು ಇಟ್ಟುಕೊಂಡೆ. ಒಳಗಿನ ಬಟನ್ ಸೆಲ್ಲು ಸತ್ತರೆ ಸೇವ್ ಆದದ್ದೆಲ್ಲ ಅಳಿಸಿಹೋಗುತ್ತದೆ, ಅಣ್ಣನ ಕ್ಯಾಸೆಟ್ಟಿನ ಸೆಲ್ಲು ಇನ್ನೆಷ್ಟು ದಿನವೋ, ನನ್ನದರಲ್ಲಿ ಹೊಸ ಸೆಲ್ಲಿದೆ, ನಾನು ಕದಿಯುತ್ತಿಲ್ಲ, ಉಳಿಸಿಕೊಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕಳ್ಳರಿಗೆ ಬುದ್ಧಿ ಬಹಳ.

ಒಂದು ಮಾತನ್ನು ಆಗ ಯಾರಿಗೂ ಹೇಳಲಿಲ್ಲ. ಮೂರನೆಯ ಗುಹೆಯಲ್ಲಿ ದಾರಿ ಒಡೆಯುವ ಕಡೆಯೆಲ್ಲ ನಾನು ಯೋಚಿಸುವ ಮೊದಲೇ ಬೆರಳು ಒತ್ತಿಬಿಡುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಬಾಲ್ಯದಲ್ಲಿ ಆಡಿದ್ದು ಕೈಗೆ ನೆನಪಿರಬಹುದು ಎಂದುಕೊಂಡೆ. ಆದರೆ ಆ ಗುಹೆಯವರೆಗೆ ಬಾಲ್ಯದಲ್ಲಿ ನಾನು ಎಂದೂ ಹೋಗಿರಲೇ ಇಲ್ಲ. ಆಮೇಲಿನ ದಿನಗಳಲ್ಲಿ ಕುರ್ಚಿಯನ್ನು ಗೋಡೆಗೆ ಒತ್ತಿಸಿ, ಬೆನ್ನ ಹಿಂದೆ ಜಾಗವಿಲ್ಲದಂತೆ ಮಾಡಿಕೊಂಡು ಕೂರುತ್ತಿದ್ದೆ.

ಸೆಟ್ಟನ್ನೂ ರಿಮೋಟನ್ನೂ ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸಿ, ಡೂಪ್ಲಿಕೇಟು ಸಿಕ್ಕಿಸಿ ಹಬ್ಬಕ್ಕೆ ಒಂದು ವಾರ ಮೊದಲೇ ಕೊಟ್ಟು ಬಂದೆ. ಅಸಲಿಯನ್ನು ಹಬ್ಬದ ದಿನ ಸಂಜೆ ನಾಲ್ಕಕ್ಕೆ ಬಾಳ್ಳುಪೇಟೆಯ ಬಸ್ ನಿಲ್ದಾಣದಲ್ಲಿ ಮಂಗಳೂರಿನವರ ಕೈಗೆ ಕೊಡುವುದೆಂದು ಮಾತಾಯಿತು. ನಮ್ಮ ಅತ್ತೆಮನೆಯ ಎಡೆ ಆ ಸಲ ಎರಡು ದಿನ ಮೊದಲೇ ಮುಗಿದಿತ್ತು. ನನ್ನ ಮೋಸ ನಿಲ್ಲುತ್ತದೆಯೋ ಇಲ್ಲವೋ ನೋಡಿಕೊಂಡೇ ಹೋಗೋಣವೆಂದು, ಅಸಲಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ದೊಡ್ಡಮ್ಮನ ಮನೆಗೆ ಹೋದೆ.

ಎಡೆ ಇಟ್ಟಾಯಿತು. ದೊಡ್ಡಮ್ಮ ಗುಂಡಿ ಒತ್ತಿದರು. ಲಾಟೀನಿನವನು ಬಾವಿಕಟ್ಟೆಯ ಪಕ್ಕ ಬಂದು ನಿಂತ. ಅವರು ತಲೆಯಾಡಿಸಿ ಬಾಗಿಲು ಹಾಕಿದಾಗ ನನಗೆ ಹೋದ ಜೀವ ಬಂದಂತಾಯಿತು.

ದೊಡ್ಡಮ್ಮ, ಅವರ ಸೊಸೆ, ನಾನು ಜಗಲಿಯಲ್ಲಿ ಕೂತೆವು. ಮುಚ್ಚಿದ ಬಾಗಿಲಿನಾಚೆಯಿಂದ ಆ ಚುರುಕು ಸಂಗೀತ ಕೇಳುತ್ತಿತ್ತು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಬಾಗಿಲು ತೆಗೆಯೋಣವೇ ಎಂದೆ. ದೊಡ್ಡಮ್ಮ ಬೇಡವೆಂದು ಕೈಯಾಡಿಸಿದರು.

"ಇನ್ನೂ ಮನೆ ಒಳೀಕೆ ಹೋಗಿಲ್ಲ ಅವ್ನು" ಎಂದರು.

ನನಗೆ ಅರ್ಥವಾಗಲಿಲ್ಲ. ಸೊಸೆ ಮೆಲ್ಲಗೆ ವಿವರಿಸಿದಳು: "ಪ್ರತಿ ವರ್ಷ ಸ್ವಲ್ಪ ಹೊತ್ತಿಗೆ ಆ ರಾಗ ಬದಲಾಗುತ್ತಕ್ಕ. ನಿಧಾನದ್ದು ಬತ್ತದೆ. ಆಗ ಅತ್ತೆ ಬಾಗ್ಲು ಬಡೀತಾರೆ. ಒಳಗೆ ಹೋಗಿ ನೋಡುದ್ರೆ ಅವ್ನು ಮನೆ ಒಳಗೆ, ಒಲೆ ತಾವ ನಿಂತಿರ್ತಾನೆ."

 ನನ್ನ ರಿಪೇರಿ ಬುದ್ಧಿ ಬಿಡಬೇಕಲ್ಲ. ಹಳೇ ರಿಮೋಟು, ಒಳಗೆ ತೇವ, ಎಡಗಡೆಯ ಗುಂಡಿ ತಾನಾಗಿಯೇ ಒತ್ತಿಕೊಳ್ಳುತ್ತಿದ್ದಿರಬೇಕು, ಅಷ್ಟೇ. ಅದನ್ನು ನಾನು ಸ್ಪಿರಿಟ್ಟು ಹಾಕಿ ಒರೆಸಿದ್ದೆ. ಇಷ್ಟು ವರ್ಷ ಮಗನನ್ನು ಮನೆಗೆ ತರುತ್ತಿದ್ದ ತೇವವನ್ನು ನಾನೇ ಒರೆಸಿ ಹಾಕಿದ್ದೆ. ಇನ್ನು ಆ ರಾಗ ಎಂದೂ ಬದಲಾಗುವುದಿಲ್ಲ.

ಮಧ್ಯಾಹ್ನ ಮೂರು ಹೊಡೆಯಿತು. ಬೆಳಗಿನಿಂದ ಉಪವಾಸವಿದ್ದ ದೊಡ್ಡಮ್ಮ ಬಾಗಿಲನ್ನೇ ನೋಡುತ್ತಾ ಕೂತಿದ್ದರು. "ಏನಾಯ್ತೋ ಮಗ, ದಾರಿ ತಪ್ತಾ?" ಎಂದು ಒಂದು ಸಲ ಬಾಗಿಲಿಗೇ ಕೇಳಿದರು. ನನ್ನಿಂದ ತಡೆಯಲಾಗಲಿಲ್ಲ. ದೀಪಕ್ಕೆ ಎಣ್ಣೆ ಕಮ್ಮಿಯಾದಂತಿದೆ, ನೋಡಿ ಬರುತ್ತೇನೆ ಎಂದು ಎದ್ದೆ. ಒಳಗೆ ಹೋಗಿ, ಏಳು ಹೆಜ್ಜೆ ಎಡಕ್ಕೆ, ಒಂದು ಮೇಲಕ್ಕೆ ಒತ್ತಿ ಬಂದರೆ ಮುಗಿಯಿತು ಎಂದುಕೊಂಡಿದ್ದೆ. ಸೊಸೆ ಬೇಡವೆಂದಳು. ದೊಡ್ಡಮ್ಮ ನನ್ನ ಮುಖ ನೋಡಿ, "ಹೋಗ್ಲಿ ಬುಡು" ಎಂದರು.

ಕೋಣೆಯಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಕೋಳಿಸಾರಿನ ಮೇಲೆ ಎಣ್ಣೆ ಕೆನೆಗಟ್ಟಿತ್ತು. ರಿಮೋಟು ಕೈಗೆತ್ತಿಕೊಂಡು, ಅಭ್ಯಾಸದಂತೆ ಟಿವಿಯ ಮುಂದೆ ನೆಲದಲ್ಲಿ ಕೂತೆ. ಕೂತ ಮೇಲೆ ಗೊತ್ತಾಯಿತು, ಬೆನ್ನ ಹಿಂದೆ ಅಣ್ಣನ ಫೋಟೊ ಇತ್ತು, ಅವನ ಎಲೆ ಇತ್ತು. ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಅವನ ಮನೆಗೆ ಅವನ ವೇಷದಲ್ಲಿ ನಾನು ಹೋಗುವುದೇ? ಅಲ್ಲಿ ಒಲೆಯ ಮುಂದೆ ನಿಂತವಳು ಯಾರೆಂದು ನನಗೆ ಗೊತ್ತಿರಲಿಲ್ಲವೇ? ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಸೆಟ್ಟು ಆರಿಸಿ, ಡೂಪ್ಲಿಕೇಟು ಕಿತ್ತು ಬ್ಯಾಗಿಗೆ ಹಾಕಿದೆ. ಅಸಲಿಯನ್ನು ಅದರ ಜಾಗದಲ್ಲಿ ಸಿಕ್ಕಿಸಿ ಆಟ ತೆರೆದೆ. ಲಾಟೀನಿನವನು ಬಾವಿಯ ಪಕ್ಕ ಬಂದು ನಿಂತ. ಆಮೇಲೆ ರಿಮೋಟಿನ ವೈರನ್ನು ಸೆಟ್ಟಿನಿಂದ ಎಳೆದು, ಕೈಗೆ ಸುತ್ತಿಕೊಂಡು, ಸೆರಗಿನೊಳಗೆ ಇಟ್ಟುಕೊಂಡು ಬಂದುಬಿಟ್ಟೆ. ಇನ್ನು ಅಲ್ಲಿ ಏನಾದರೂ ಆಗಲಿ, ಆಗದಿರಲಿ, ಅದರಲ್ಲಿ ನನ್ನ ಕೈ ಇರಬಾರದು ಎನ್ನಿಸಿತ್ತು.

ಬಾಗಿಲು ಹಾಕಿ, ದೊಡ್ಡಮ್ಮನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಡೂಪ್ಲಿಕೇಟಿನದು, ಮೂರು ಮೀನಿನದು, ಬಾಳ್ಳುಪೇಟೆಯಲ್ಲಿ ಕಾಯುತ್ತಿರುವವರದು. ಸೊಸೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಂಗ್ಯಾಕೆ ಯೋಳ್ತೀಯ?" ಎಂದರು. "ನಂದೇನೂ ಕದ್ದಿಲ್ಲವಲ್ಲ ನೀನು. ಅವ್ನಿಗೆ ಯೋಳು."

ನಾನು ಬಾಗಿಲಿಗೆ ತಿರುಗಿದೆ. ನಲವತ್ತು ದಾಟಿದ ಹೆಂಗಸು, ಹಾಡು ಹಗಲಲ್ಲಿ, ಒಂದು ಮುಚ್ಚಿದ ಬಾಗಿಲಿಗೆ, "ತಪ್ಪಾಯ್ತು ಕಣಣ್ಣ" ಎಂದೆ. ಎಂದೋ ನುಂಗಿಕೊಂಡಿದ್ದ ಅಳುವೆಲ್ಲ ಆಗ ಬಂತು.

ಸಂಗೀತ ನಿಂತಿತು.

ಒಂದು ಉಸಿರಿನಷ್ಟು ಹೊತ್ತು ಏನೂ ಇರಲಿಲ್ಲ. ಆಮೇಲೆ ಒಳಗಿನ ನಿಧಾನದ ರಾಗ ಶುರುವಾಯಿತು.

ಬಲ್ಲವರನ್ನು ಆಮೇಲೆ ಕೇಳಿದ್ದೇನೆ. ರಿಮೋಟು ಕಿತ್ತ ಸೆಟ್ಟಿನ ತೂತಿಗೂ ತೇವ ಹಿಡಿದರೆ ಹಾಗಾಗಬಹುದು ಎಂದು ಒಬ್ಬರು ಹೇಳಿದರು. ಆಗಬಹುದು. ಏಳು ಹೆಜ್ಜೆ ಎಡಕ್ಕೆ, ಆಮೇಲೆ ಬಾಗಿಲಿಗೆ ಒಂದು ಹೆಜ್ಜೆ ಮೇಲಕ್ಕೆ, ಅಷ್ಟನ್ನೂ ತೇವವೇ ಒತ್ತುತ್ತದೆಯೇ ಎಂದು ನಾನು ಕೇಳಲಿಲ್ಲ.

ದೊಡ್ಡಮ್ಮ ಗೋಡೆ ಹಿಡಿದು ಎದ್ದರು. ಬಾಗಿಲನ್ನು ಮೂರು ಸಲ ಬಡಿದರು. ತೆಗೆಯುವ ಮೊದಲು ನನ್ನ ಕಡೆ ತಿರುಗಿ, "ಬಂದ. ಏಳು, ಕೈ ತೊಳ್ಕೊ, ಉಣ್ಣಾಣ" ಎಂದರು.

ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಲು ನನ್ನ ಕೈ ಖಾಲಿಯಿರಲಿಲ್ಲ. ಸೆರಗಿನೊಳಗೆ ಆ ರಿಮೋಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅದರ ಎಡಗಡೆಯ ಗುಂಡಿ ಒಳಕ್ಕೆ ಒತ್ತಿಕೊಂಡಿತ್ತು. ಅದರ ಮೇಲೆ ನನ್ನ ಬೆರಳಿರಲಿಲ್ಲ.