ಬಣ್ಣದಡಿಯ ಕೈ

ಹೊಸದುರ್ಗದ ಗುಡ್ಡದಲ್ಲಿ ಗಾಳಿಯಂತ್ರದ ಕಂಬಗಳಿಗೆ ಬಣ್ಣ ಬಳಿಯುತ್ತಿದ್ದ ಹಿರಿಯರೊಬ್ಬರು, ಬಣ್ಣಕ್ಕೆಂದು ಉಜ್ಜಿದ ಕಬ್ಬಿಣದ ಹತ್ತಿರ ಯಾರು ಬಂದರೂ, "ಕೈ ಜೇಬಲ್ಲಿ ಇಟ್ಕಳ್ರಿ, ಬೆವರಲ್ಲಿ ಉಪ್ಪೈತೆ, ತುಕ್ಕು ಹಿಡೀತದೆ" ಎನ್ನುತ್ತಿದ್ದರು. ತಾವೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೇ ಕಂಬ ನೋಡುತ್ತಿದ್ದರು. ನಾನಲ್ಲಿ ಮೇಲ್ವಿಚಾರಕ.

ಒಂದು ಕಂಬಕ್ಕೆ ಹೊಸ ಬಗೆಯ ಬಣ್ಣ ಹಾಕಿಸಿದೆವು. ಬಣ್ಣದಡಿಯಲ್ಲಿ ತುಕ್ಕು ಶುರುವಾದರೆ ಆ ಬಣ್ಣ ತಾನೇ ಕೆಂಪಾಗುತ್ತದೆ. ಮಳೆಗಾಲ ಕಳೆದಾಗ ಅದರ ಮೇಲೆ ಐದು ಬೆರಳು ಕೆಂಪಗೆ ಮೂಡಿದ್ದವು.

"ಇದು ಯಾರ ಕೈಯೋ ಅವರಿಗೆ ಇನ್ನಿಲ್ಲಿ ಕೆಲಸ ಇಲ್ಲ" ಎಂದರು ಎಂಜಿನಿಯರ್.

"ನಂದೇ ಸಾರ್. ವಯಸ್ಸಾತು, ಮರ್ತು ಮುಟ್ಟಿರ್ತೀನಿ" ಎಂದು ಆ ಹಿರಿಯರು ಬ್ರಷ್ ಕೆಳಗಿಟ್ಟರು.

ಅವರು ಗುಡ್ಡ ಇಳಿದ ಮೇಲೆ ಆ ಗುರುತಿಗೆ ನನ್ನ ಕೈ ಹೊಂದಿಸಿ ನೋಡಿದೆ. ಸರಿಯಾಗಿ ಕೂತಿತು. ಮುಟ್ಟಿದ್ದು ನನಗೆ ನೆನಪಿಲ್ಲ, ಅವರು ನೋಡಿದ್ದರೇನೋ.