ಗಟ್ಟಿ ಗಾಡಿ

ನನ್ನ ಅಕ್ಕನ ಗಂಡ ಬೀಗ ರಿಪೇರಿ ಮಾಡುವವರು. ಹೊಗಳಿಕೆಗೆ ಅವರ ಬಾಯಲ್ಲಿರುವುದು ಒಂದೇ ಮಾತು, ಗಟ್ಟಿ. ಬೀಗ ಗಟ್ಟಿ, ಬಾಗಿಲು ಗಟ್ಟಿ, ಚಹಾ ಗಟ್ಟಿ. ಮದುವೆಯಾದ ಹೊಸದರಲ್ಲಿ, ಅಂಗಡಿಗೆ ಬಂದು ದಬಾಯಿಸಿದ ಗಿರಾಕಿಯೊಬ್ಬನ ನೀರಿಳಿಸಿ ಅಕ್ಕ ಒಬ್ಬಳೇ ಹೊರಗೆ ಕಳಿಸಿದ್ದಳಂತೆ. ಅವತ್ತಿನಿಂದ ಅವಳು ಗಟ್ಟಿಗಿತ್ತಿ. ಆ ಬಿರುದು ಹೊತ್ತುಕೊಂಡೇ ಸಂಸಾರ ತೂಗಿಸಿದಳು.

ಹೋದ ವರ್ಷ ಅವಳ ಬೆನ್ನುಮೂಳೆಗೆ ಆಪರೇಷನ್ ಆಯಿತು. ಮತ್ತೆ ಕೋಲಿಲ್ಲದೆ ನಡೆಯಬೇಕಾದರೆ ವಾರವಾರವೂ ವ್ಯಾಯಾಮಕ್ಕೆ ಬರಲೇಬೇಕು, ಬಿಟ್ಟರೆ ಕಾಲು ಸೋಲುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆಸ್ಪತ್ರೆಯ ದಾರಿಯೋ, ಗುಂಡಿಗಳ ನಡುವೆ ಅಲ್ಲಲ್ಲಿ ಒಂದಿಷ್ಟು ರಸ್ತೆ. ಭಾವನ ಹಳೆಯ ಪುಟ್ಟ ಕಾರು ಪ್ರತಿ ಗುಂಡಿಗೂ ಕುಸಿದು ತಳ ಬಡಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಮಲಗಿದ ಅಕ್ಕ ಹಲ್ಲು ಕಚ್ಚಿಕೊಂಡಿರುತ್ತಿದ್ದಳು.

ಭಾವ ಹೊಸ ಸಸ್ಪೆನ್ಷನ್ ಹಾಕಿಸಲು ಹೊರಟರು. ಅಲ್ಲಿ ನಡೆದದ್ದನ್ನು ಗ್ಯಾರೇಜಿನ ಮೇಸ್ತ್ರಿಯೇ ಆಮೇಲೆ ನನಗೆ ಹೇಳಿದ. ಅವನು ಮೊದಲು ಇಂಜಿನ್ನಿನ ಬಲ ಹೆಚ್ಚಿಸುವ ಏರ್ ಫಿಲ್ಟರು, ಗುಡುಗುವ ಸೈಲೆನ್ಸರು ತೋರಿಸಿದನಂತೆ.

"ಅದೆಲ್ಲ ಬೇಡ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಟೈರು ಮಾತ್ರ ನೋಡು. ಗಟ್ಟಿ ಇರ್ಬೇಕು, ಅಷ್ಟೇ," ಎಂದರಂತೆ ಭಾವ.

ಆ ಗ್ಯಾರೇಜಿಗೆ ಗಟ್ಟಿ ಬೇಕು ಎಂದು ಬರುವವರು, ತಿರುವಿನಲ್ಲಿ ವಾಲದೆ ನುಗ್ಗುವ ಹುಚ್ಚು ಹಿಡಿದ ಹುಡುಗರು. ಮೇಸ್ತ್ರಿ ಅದನ್ನೇ ಕೊಟ್ಟ. ಬಿಗಿ ಸ್ಪ್ರಿಂಗು, ಬಿಗಿ ಶಾಕ್ ಅಬ್ಸಾರ್ಬರು, ಪಕ್ಕೆ ತೆಳುವಾದ ಅಗಲ ಟೈರು. ಹೆಂಡತಿಯ ಬೆನ್ನಿನ ವಿಷಯ ಭಾವ ಎತ್ತಲಿಲ್ಲ. ಮನೆಯ ಕಷ್ಟವನ್ನು ಬೀದಿಯಲ್ಲಿ ಹೇಳಿಕೊಳ್ಳುವ ಜಾಯಮಾನ ಅವರದಲ್ಲ.

ಕಾರು ತಳ ಬಡಿಯುವುದು ನಿಂತಿತು. ಸ್ಟಿಯರಿಂಗ್ ಹಿಡಿದ ಭಾವನ ಮುಖ ಊರಗಲ.

"ಹೇಗಿದೆ ಗಾಡಿ?" ಎಂದು ಹಿಂದಕ್ಕೆ ಕೇಳುತ್ತಿದ್ದರು.

"ಗಟ್ಟಿ ಇದೆ," ಎನ್ನುತ್ತಿದ್ದಳು ಅಕ್ಕ.

ಕೆಲವು ವಾರಗಳಲ್ಲೇ ಅವಳು ಆಸ್ಪತ್ರೆಗೆ ಬರುವುದಿಲ್ಲ ಎಂದು ಪಟ್ಟು ಹಿಡಿದಳು. ಮನೆಯಲ್ಲೇ ವ್ಯಾಯಾಮ ಮಾಡಿಕೊಳ್ಳುತ್ತೇನೆ ಎಂದವಳು ಮಾಡಲೂ ಇಲ್ಲ. ಕೋಲೂರಿ ಬಚ್ಚಲಿಗೆ ಹೋಗುತ್ತಿದ್ದವಳು ಗೋಡೆ ಹಿಡಿದರೂ ತತ್ತರಿಸತೊಡಗಿದಳು. ಭಾವ ರೇಗಿದರು, ಗೋಗರೆದರು, ಕೊನೆಗೆ ಸೋಮಾರಿ ಎಂದೂ ಅಂದರು. ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು.

ಒಂದು ದಿನ ಅಂಗಡಿಯಲ್ಲಿ ಕೀಲಿಕೈ ಉಜ್ಜುವ ಅರ ಜಾರಿ ಭಾವನ ಅಂಗೈ ಸೀಳಿತು. ಹೊಲಿಗೆ ಹಾಕಿಸಲು ನಾನೇ ಅವರ ಕಾರು ಓಡಿಸಿದೆ. ಅಕ್ಕನ ಕಾಲಿಗೆ ಜಾಗವಾಗಲೆಂದು ಡ್ರೈವರ್ ಪಕ್ಕದ ಸೀಟನ್ನು ಪೂರ್ತಿ ಮುಂದೆ ತಳ್ಳಿದ್ದರಿಂದ ಭಾವ ಹಿಂದೆ ಕುಳಿತರು. ಹೊಸ ಸ್ಪ್ರಿಂಗು ಹಾಕಿಸಿದ ಮೇಲೆ ಅವರು ಹಿಂದೆ ಕುಳಿತದ್ದು ಅದೇ ಮೊದಲು.

ಮೊದಲ ಗುಂಡಿಗೇ ಅವರ ತಲೆ ಚಾವಣಿಗೆ ತಗುಲಿತು.

"ನಿಧಾನ."

"ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಬೇಕು, ಭಾವ."

ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ನೋಡಿದರೆ ಅವರು ಕಾಣಲಿಲ್ಲ. ಅಕ್ಕನ ಹಾಗೆ ಸೀಟಿನ ಮೇಲೆ ಮಲಗಿಬಿಟ್ಟಿದ್ದರು. ಬಗ್ಗದ ಸ್ಪ್ರಿಂಗಿನಿಂದಾಗಿ ರಸ್ತೆಯ ಒಂದೊಂದು ಕಲ್ಲೂ ನೇರ ಬೆನ್ನಿಗೇ ಬಡಿಯುತ್ತಿತ್ತು. ಆಸ್ಪತ್ರೆ ಬಂದರೂ ಅವರು ಏಳಲಿಲ್ಲ. ಅಳುತ್ತಿದ್ದರು.

ಮನೆಗೆ ಬಂದವರು ಅಕ್ಕನ ಮಂಚದ ಪಕ್ಕ ನಿಂತು, "ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

"ಗಾಡಿ ಹೇಗಿದೆ ಅಂತ ಕೇಳಿದ್ರಿ. ಹೇಳ್ದೆ," ಎಂದಳು ಅಕ್ಕ. "ಗಟ್ಟಿಗಿತ್ತಿ ಅನ್ನಿಸ್ಕೊಂಡೋಳು ಅಯ್ಯೋ ಅನ್ನೋದು ಹೇಗೆ?"

ಭಾವ ಮತ್ತೆ ಗ್ಯಾರೇಜಿಗೆ ಹೋದರು. ಈ ಸಲ ನಾನೂ ಇದ್ದೆ. "ನನ್ನ ಹೆಂಡ್ತಿ ಬೆನ್ನಿಗೆ ಆಪರೇಷನ್ ಆಗಿದೆ. ಹಿಂದೆ ಮಲಗಿಸಿ ಕರ್ಕೊಂಡು ಹೋಗ್ಬೇಕು. ಅವಳಿಗೆ ಏನು ಬೇಕೋ ಅದು ಹಾಕು," ಎಂದರು. ಮೇಸ್ತ್ರಿ ಜಾಕ್ ತಂದ. ಮೆತ್ತನೆಯ ಸ್ಪ್ರಿಂಗು, ಪಕ್ಕೆ ದಪ್ಪನೆಯ ಟೈರು ಬಂದವು. ಕಾರು ಈಗ ತಿರುವಿನಲ್ಲಿ ತೊಟ್ಟಿಲಿನ ಹಾಗೆ ತೂಗುತ್ತದೆ.

ಕಾಲಿನ ಶಕ್ತಿ ಪೂರ್ತಿ ಮರಳುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಆದರೂ ಅಕ್ಕ ಹೋಗುತ್ತಾಳೆ. ಮೊನ್ನೆ ನಾನೂ ಜೊತೆಗಿದ್ದೆ. ಸೇತುವೆಯ ಹತ್ತಿರ ಚಕ್ರವೊಂದು ಗುಂಡಿಗಿಳಿಯಿತು. ಭಾವ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದರು.

"ನೋವಾಯ್ತಾ?"

"ಹೂಂ, ಆಯ್ತು," ಎಂದಳು ಅಕ್ಕ.