ಚಿಮಣಿಯ ತುದಿಗೆ ಹದಿಮೂರು ನಿಮಿಷ

ಇಪ್ಪತ್ತಾರು ವರ್ಷ ಕಾರ್ಖಾನೆಗಳ ಚಿಮಣಿ, ನೀರಿನ ಟ್ಯಾಂಕುಗಳನ್ನು ಹತ್ತಿ ಬಿರುಕು ಹುಡುಕುವುದೇ ಅವನ ಕೆಲಸವಾಗಿತ್ತು. ಗೋಡೆಗೆ ಅಂಟಿಕೊಂಡನೆಂದರೆ ಬಿಡುವವನಲ್ಲ ಎಂದು ಎಲ್ಲರೂ ಅವನನ್ನು ‘ಉಡ’ ಎಂದೇ ಕರೆಯುತ್ತಿದ್ದರು. ಐವತ್ತೊಂದನೆಯ ವಯಸ್ಸಿನಲ್ಲಿ ಎಡ ಮಂಡಿ ಕೈಕೊಟ್ಟಿತು. ಮೆಟ್ಟಿಲನ್ನೇ ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಏಣಿಯ ಮಾತೆಲ್ಲಿ? ಉಡ ಡ್ರೋನ್ ಹಾರಿಸಲು ಕಲಿತ, ಪರೀಕ್ಷೆ ಬರೆದು ಪರವಾನಗಿ ಪಡೆದ. ನೆಲದ ಮೇಲೆ ನಿಂತು ಎತ್ತರವನ್ನು ನೋಡುವುದು ಮೊದಮೊದಲು ಕದ್ದು ನೋಡಿದಂತೆ ಅನಿಸುತ್ತಿತ್ತು.

ಆ ವರ್ಷ ಹಳೆಯ ಹೆಂಚಿನ ಕಾರ್ಖಾನೆಯ ಚಿಮಣಿಯಿಂದ ಇಟ್ಟಿಗೆಯೊಂದು ಕಳಚಿ ಬಿದ್ದು, ಸೈಕಲ್ ಶೆಡ್ಡಿನ ತಗಡು ತೂತಾಯಿತು. ಮ್ಯಾನೇಜರು ಉಡನಿಗೆ ಹೇಳಿಕಳಿಸಿದ. ವಿಮಾನ ನಿಲ್ದಾಣ ಅಲ್ಲಿಂದ ಐದೇ ಕಿಲೋಮೀಟರು. ನಿಲ್ದಾಣದ ವಿಮಾನ ಸಂಚಾರ ನಿಯಂತ್ರಣ ಕಚೇರಿ ಒಪ್ಪದೆ ಅಲ್ಲಿ ಡ್ರೋನನ್ನು ಗೇಣುದ್ದವೂ ಎಬ್ಬಿಸುವಂತಿರಲಿಲ್ಲ.

ಉಡನ ಜೊತೆಗೇ ಇದ್ದ ಅಕ್ಕ, ನಿವೃತ್ತ ಟೈಪಿಸ್ಟು, ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದಳು. ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ ಎಂದು ಅದು ವಾಪಸು ಬಂತು. ಎರಡನೆಯದು ಸಹಿ ಮಸುಕಾಗಿದೆ ಎಂದು ಬಂತು. ಮೂರನೆಯದಕ್ಕೆ ಹತ್ತೊಂಬತ್ತು ದಿನ ಕಾದ ಮೇಲೆ ಅನುಮತಿಯೇನೋ ಸಿಕ್ಕಿತು.

“ಮೂವತ್ತು ಮೀಟರ್ ತನಕ ಅಂತ ಕೊಟ್ಟಿದಾರೆ ಕಣೋ.”

“ಚಿಮಣಿ ನಲವತ್ತೆರಡಿದೆ ಅಕ್ಕ. ಬಿರುಕಿರೋದು ತುದೀಲಿ.”

“ಹಾಗಾದ್ರೆ ಕುತ್ತಿಗೆ ತನಕ ನೋಡ್ಕೊಂಡು ಬಾ.”

ನಗು ಬರಬೇಕಾದ ಮಾತು; ಉಡನಿಗೆ ಬರಲಿಲ್ಲ.

ಅದೇ ವಾರ ಇನ್ನೊಂದು ಇಟ್ಟಿಗೆ ಬಿತ್ತು. ಮ್ಯಾನೇಜರು ಅವನನ್ನು ಚಿಮಣಿಯ ಬುಡಕ್ಕೆ ಕರೆದೊಯ್ದು ದನಿ ತಗ್ಗಿಸಿದ. “ಒಂದ್ಸಲ ಹಾರಿಸಿ ಇಳಿಸ್ಬಿಡಿ. ಎರಡು ನಿಮಿಷದ ಕೆಲಸ. ಯಾರು ನೋಡ್ತಾರೆ?”

ಉಡ ಡ್ರೋನಿನ ಪೆಟ್ಟಿಗೆಯ ಮುಚ್ಚಳ ತೆಗೆದೂ ಆಗಿತ್ತು. ಅಷ್ಟರಲ್ಲಿ ಚಕ್ರ ಇಳಿಬಿಟ್ಟ ವಿಮಾನವೊಂದು ಶೆಡ್ಡಿನಾಚೆ ತಗ್ಗಿನಲ್ಲೇ ಹಾದುಹೋಯಿತು. ಕಿಟಕಿಗಳನ್ನು ಎಣಿಸಬಹುದಿತ್ತು. ಅವನು ಮುಚ್ಚಳ ಹಾಕಿದ. “ಆಗಲ್ಲ ಸಾರ್. ಮೊದಲು ಆ ಶೆಡ್ ಖಾಲಿ ಮಾಡ್ಸಿ.”

ಮರುದಿನ ತಾನೇ ನಿಯಂತ್ರಣ ಕಚೇರಿಗೆ ಹೋದ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಮಂಡಿ ನೋಯುತ್ತಿದ್ದರೂ ಮೂರು ತಾಸು ಬೆಂಚಿನ ಮೇಲೆ ಕಾದ. ಕೊನೆಗೆ ಸಿಕ್ಕ ಅಧಿಕಾರಿಣಿ ಆಗತಾನೆ ಪಾಳಿ ಮುಗಿಸಿದ್ದಳು, ಕಣ್ಣು ಕೆಂಪಾಗಿತ್ತು. ನಕ್ಷೆ ತೆರೆದು ಹುಬ್ಬು ಗಂಟಿಕ್ಕಿದಳು.

“ಇಲ್ಲಿ ಚಿಮಣೀನೇ ಇಲ್ಲವಲ್ಲ. ಖಾಲಿ ಬಯಲು ಅಂತಿದೆ. ಅದಕ್ಕೇ ಎತ್ತರ ಇಳಿಸಿದೀವಿ.”

“ನಾನೇ ಆರು ಸಲ ಹತ್ತಿದೀನಿ ಮೇಡಂ.”

ಅವಳು ಅವನ ಅರ್ಜಿಯ ಸಂಖ್ಯೆ ಬರೆದುಕೊಂಡಳು. “ಎತ್ತರ ಅಳೆಸಿ, ಕಾರ್ಖಾನೆಯಿಂದ ಪತ್ರ ತನ್ನಿ. ಹೊಸ ಅರ್ಜಿ ಹಾಕಿ, ನಾನೇ ನೋಡ್ತೀನಿ. ಇದು ನಮಗೂ ಗೊತ್ತಿರಬೇಕಾದ ವಿಷಯ.”

ಹನ್ನೊಂದು ದಿನದ ಮೇಲೆ ಅನುಮತಿ ಬಂತು. ನಲವತ್ತೈದು ಮೀಟರು. ಮಂಗಳವಾರ ಬೆಳಗ್ಗೆ ಆರೂ ನಲವತ್ತರಿಂದ ಏಳೂಕಾಲು. ಹಾರಿಸುವ ಮುಂಚೆ ಫೋನು, ಇಳಿಸಿದ ಮೇಲೆ ಫೋನು.

ಆರೂ ನಲವತ್ತಕ್ಕೆ ಸರಿಯಾಗಿ ಫೋನು ಮಾಡಿದರೆ, “ವಿಮಾನ ಇಳೀತಿದೆ, ಐದು ನಿಮಿಷ ತಡೀರಿ” ಎಂದರು. ಐದು ನಿಮಿಷ ಇಪ್ಪತ್ತೆರಡಾಯಿತು. ಉಳಿದಿದ್ದು ಹದಿಮೂರು. ಬೈಯುವುದಕ್ಕೂ ತ್ರಾಣ ಬೇಕಲ್ಲ; ಉಡ ಡ್ರೋನ್ ಎಬ್ಬಿಸಿದ.

ಡ್ರೋನ್ ಇಟ್ಟಿಗೆಯ ಸಾಲುಗಳನ್ನು ದಾಟಿ ಏರಿತು. ತುದಿಯ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಎರಡು ತುಂಡಾಗಿತ್ತು. ಅದರ ಕೆಳಗೆ, ಒಂಬತ್ತು ವರ್ಷದ ಹಿಂದೆ ತಾನೇ ಕೆಂಪು ಬಣ್ಣದಲ್ಲಿ ಎಳೆದಿದ್ದ ಗೀಟು ಪರದೆಯ ಮೇಲೆ ಕಂಡಿತು. ಆಗ ಅಲ್ಲಿದ್ದದ್ದು ಕೂದಲೆಳೆಯಷ್ಟು ಬಿರುಕು. ಈಗ ಅಂಗೈ ತೂರಿಸಬಹುದಿತ್ತು. ನಾಲ್ಕೂ ಕಡೆಯ ಚಿತ್ರ ತೆಗೆದು ಇಳಿಸುವಾಗ ಒಂದು ನಿಮಿಷ ಬಾಕಿಯಿತ್ತು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕೇಳಿದಳು, “ಏನಾಯ್ತೋ?”

“ಮೇಲಿನ ಹನ್ನೆರಡು ಮೀಟರ್ ಇಳಿಸ್ಬೇಕು ಅಂತ ವರದಿ ಬರೀಬೇಕು.”

“ಬರಿಯೋಣ. ಮೊದ್ಲು ಮಲ್ಕೋ.”

ಗೆದ್ದೆನೆಂಬ ಭಾವನೆಯೇನೂ ಅವನಿಗೆ ಬರಲಿಲ್ಲ. ಬೂಟು ಬಿಚ್ಚದೆ ಕುರ್ಚಿಯಲ್ಲೇ ಮಧ್ಯಾಹ್ನದವರೆಗೆ ನಿದ್ದೆ ಹೋದ. ಎರಡು ತಿಂಗಳಲ್ಲಿ ಕಾರ್ಖಾನೆಯವರು ಚಿಮಣಿಯ ತುದಿಯನ್ನು ಒಂದೊಂದೇ ಇಟ್ಟಿಗೆ ಬಿಡಿಸಿ ಇಳಿಸಿದರು. ಯಾರಿಗೂ ಪೆಟ್ಟಾಗಲಿಲ್ಲ.